ಪ್ರತಿ ಸಲ ಹೊಸ ಡಾಕ್ಟರು, ಮಾವನ ಶುಗರ್‌ಗೆ ಗತಿ ಯಾರು?

ಪ್ರಶ್ನೆ: ನಾವು ಕೊಡಗಿನ ಸಿದ್ದಾಪುರದ ಹತ್ತಿರದವರು. ಮಾವನಿಗೆ 66 ವರ್ಷ. ಕಾಫಿ ಎಸ್ಟೇಟ್‌ನಲ್ಲಿ ರೈಟರ್ (ಲೆಕ್ಕ ಬರೆಯುವವರು) ಆಗಿದ್ದವರು. ಸಕ್ಕರೆ ಕಾಯಿಲೆ ಬಂದು 12 ವರ್ಷ ಆಯಿತು. ತಿಂಗಳಿಗೊಮ್ಮೆ ಒಂದು ಬೋಧನಾ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಪ್ರತಿ ಸಲವೂ ಬೇರೆ ಬೇರೆ ಸಣ್ಣ ವಯಸ್ಸಿನ ಡಾಕ್ಟರು. ಎಲ್ಲವನ್ನೂ ಮೊದಲಿಂದ ಕೇಳುತ್ತಾರೆ. ಒಬ್ಬರು ಗ್ಲಿಮೆಪಿರೈಡ್ ಮಾತ್ರೆಯನ್ನು 2 ಮಿಲಿಗ್ರಾಂನಿಂದ 1ಕ್ಕೆ ಇಳಿಸಿದರು. ಮುಂದಿನ ತಿಂಗಳು ಇನ್ನೊಬ್ಬರು ಖಾಲಿ ಹೊಟ್ಟೆ ಶುಗರ್ 190 ಇದೆ ಅಂತ ಮತ್ತೆ 2 ಮಾಡಿದರು. ಸ್ವಲ್ಪ ದಿನಕ್ಕೆ ಒಂದು ರಾತ್ರಿ ಮಾವ ಮೈಯೆಲ್ಲ ಬೆವತು, ಕೈ ನಡುಗಿ, ಮಾತು ತೊದಲಿದರು. ಸಕ್ಕರೆ ನೀರು ಕುಡಿಸಿದ ಮೇಲೆ ಸರಿಯಾದರು. ಈಗ ಮೂರನೆಯವರು ಇನ್ಸುಲಿನ್ ಶುರು ಮಾಡೋಣ ಅಂದಿದ್ದಾರೆ. ‘ಕಲಿಯೋ ಮಕ್ಕಳಿಗೆ ನಾನೇ ಸಿಕ್ಕಿದ್ನಾ, ಇನ್ನು ಬರಲ್ಲ’ ಅಂತ ಮಾವ ಹಠ ಹಿಡಿದಿದ್ದಾರೆ. ಪ್ರೈವೇಟ್‌ಗೆ ಹೋಗೋದು ಒಳ್ಳೇದಾ ಡಾಕ್ಟ್ರೇ?

ಉತ್ತರ: ಮೊದಲು ಅರ್ಜೆಂಟ್ ವಿಷಯ ಮುಗಿಸೋಣ. ಆ ರಾತ್ರಿ ಆದದ್ದು ಲೋ ಶುಗರ್ ಅಂತಲೇ ಕಾಣುತ್ತದೆ. ನೀವು ಸಕ್ಕರೆ ನೀರು ಕೊಟ್ಟದ್ದು ಸರಿ. ಆದರೆ ಗ್ಲಿಮೆಪಿರೈಡ್‌ನ ಪ್ರಭಾವ ಸುಮಾರು ಒಂದು ದಿನ ಪೂರ್ತಿ ಇರುತ್ತದೆ. ಒಮ್ಮೆ ಇಳಿದು ಸರಿಹೋದ ಶುಗರ್ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯಬಹುದು. ಹಾಗಾಗಿ ಮುಂದಿನ ತಿಂಗಳ ತಾರೀಖಿಗೆ ಕಾಯಬೇಡಿ. ನಾಳೆಯೇ ಹತ್ತಿರದ ಆರೋಗ್ಯ ಕೇಂದ್ರದ ಡಾಕ್ಟರನ್ನು ಕಂಡು, ಈ 2 ಮಿಲಿಗ್ರಾಂ ಮುಂದುವರಿಸಬೇಕಾ ಅಂತ ಕೇಳಿ. ಊಟ ಮಾಡದ ಹೊತ್ತಿನಲ್ಲಿ ಆ ಮಾತ್ರೆ ನುಂಗಲೇಬಾರದು.

ಮತ್ತೆ ಹಾಗಾದರೆ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಏರಿದ ಮೇಲೆ ಅನ್ನವೋ ರೊಟ್ಟಿಯೋ ಏನಾದರೂ ತಿನ್ನಿಸಿ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ, ಸಕ್ಕರೆ ಮೊದಲು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ತೋಟದ ಒಳಗಿನ ಮನೆಗೆ ಆಂಬ್ಯುಲೆನ್ಸ್ ಬರುವುದು ತಡವಾಗಬಹುದು ಅನ್ನಿಸಿದರೆ ಮನೆ ಜೀಪೇ ಹೊರಡಲಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ.

ನಿಮ್ಮ ಪತ್ರದಲ್ಲಿ ಮೂವರು ಡಾಕ್ಟರು ಇದ್ದಾರೆ. ಒಬ್ಬೊಬ್ಬರನ್ನೇ ತೆಗೆದು ನೋಡಿದರೆ ಯಾರದ್ದೂ ದೊಡ್ಡ ತಪ್ಪಿಲ್ಲ. ಮೊದಲನೆಯವರು ಮಾತ್ರೆ ಇಳಿಸಿದರು. ಬಹುಶಃ ಮಾವ ‘ಸಂಜೆ ಹೊತ್ತಿಗೆ ಕೈ ನಡುಗುತ್ತೆ’ ಅಂದಿರಬೇಕು. ಅದನ್ನು ಕೇಳಿ ಇಳಿಸಿದ್ದರೆ ಅದು ಒಳ್ಳೆಯ ನಿರ್ಧಾರ. ಆದರೆ ಚೀಟಿಯಲ್ಲಿ ‘ಗ್ಲಿಮೆಪಿರೈಡ್ 1’ ಅಂತ ಮಾತ್ರ ಬರೆದಿರುತ್ತಾರೆ. ಯಾಕೆ ಅಂತ ಬರೆದಿರಲ್ಲ. ಎರಡನೆಯವರ ಮುಂದೆ ಇದ್ದದ್ದು ಆ ಚೀಟಿ ಮತ್ತು 190 ಅನ್ನುವ ಸಂಖ್ಯೆ. ಅದನ್ನು ನೋಡಿ ಅವರು ಏರಿಸಿದರು. ಪುಸ್ತಕದ ಪ್ರಕಾರ ಅದೂ ಸರಿ. ಮಾತ್ರೆಯ ಹೆಸರು ಒಬ್ಬರಿಂದ ಒಬ್ಬರಿಗೆ ದಾಟಿತು, ಕಾರಣ ದಾಟಲಿಲ್ಲ. ರಾತ್ರಿಯ ಬೆವರು ಬಂದದ್ದು ಬಹುಶಃ ಅಲ್ಲಿಂದ.

ಇದು ನಿಮ್ಮೊಬ್ಬರ ಕಥೆ ಅಲ್ಲ. ಕೊಡಗಿನವರು ಹೋಗುವ ಬೋಧನಾ ಆಸ್ಪತ್ರೆಗಳು ಈಗ ಹಲವು. ಮಡಿಕೇರಿಯಲ್ಲೇ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಯಿತು. ಸಂಪಾಜೆ ಕಡೆಯವರು ಸುಳ್ಯ, ಮಂಗಳೂರಿಗೆ ಇಳಿಯುತ್ತಾರೆ. ಕುಶಾಲನಗರ, ಗೋಣಿಕೊಪ್ಪದವರಿಗೆ ಮೈಸೂರು ಅನುಕೂಲ. ಎಲ್ಲಿಗೆ ಹೋದರೂ ಒಪಿಡಿಯಲ್ಲಿ ಮೊದಲು ಸಿಗುವವರು ಕಲಿಯುತ್ತಿರುವ ಡಾಕ್ಟರು. ಅವರು ಯಾಕೆ ಬದಲಾಗುತ್ತಲೇ ಇರುತ್ತಾರೆ ಅನ್ನೋದು ತಿಳಿದರೆ ನಿಮ್ಮ ಅರ್ಧ ಸಿಟ್ಟು ಇಳಿಯುತ್ತದೆ.

ಹೌಸ್ ಸರ್ಜನ್ ಅಂದರೆ ಎಂಬಿಬಿಎಸ್ ಪರೀಕ್ಷೆ ಮುಗಿಸಿ, ಒಂದು ವರ್ಷ ಎಲ್ಲ ವಿಭಾಗಗಳಲ್ಲೂ ಕೆಲಸ ಮಾಡುವವರು. 2021ರ ನಿಯಮದಂತೆ ಅವರಿಗೆ ಜನರಲ್ ಮೆಡಿಸಿನ್ ವಿಭಾಗದಲ್ಲಿ ಸಿಗುವುದು 6 ವಾರ. ಸಮುದಾಯ ಆರೋಗ್ಯದಲ್ಲಿ 12 ವಾರ. ಉಳಿದದ್ದು ಸರ್ಜರಿ, ಹೆರಿಗೆ, ಮಕ್ಕಳು, ಕಣ್ಣು ಹೀಗೆ ಹಂಚಿಹೋಗುತ್ತದೆ. ನಿಮ್ಮ ಮಾವ ತಿಂಗಳಿಗೊಮ್ಮೆ ಹೋಗುತ್ತಾರೆ. ಹುಡುಗ 6 ವಾರಕ್ಕೆ ಬೇರೆ ಕಡೆ ಹೋಗಿರುತ್ತಾನೆ. ಲೆಕ್ಕ ನೀವೇ ಹಾಕಿ. ಪಿಜಿ ಡಾಕ್ಟರು, ಅಂದರೆ ಎಂಡಿ ಓದುತ್ತಿರುವವರು, ಮೂರು ವರ್ಷ ಇರುತ್ತಾರೆ. ಅದರಲ್ಲೂ ಮೂರು ತಿಂಗಳು ಜಿಲ್ಲಾ ಮಟ್ಟದ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡಲೇಬೇಕು. ಜೊತೆಗೆ ಐಸಿಯು ಡ್ಯೂಟಿ, ಪರೀಕ್ಷೆ, ಪ್ರಬಂಧ. ಯಾರೂ ನಿಮ್ಮ ಮಾವನನ್ನು ಬಿಟ್ಟು ಓಡಿಹೋಗುತ್ತಿಲ್ಲ. ಕೋರ್ಸ್ ಇರುವುದೇ ಹಾಗೆ.

ಅಮೆರಿಕದಲ್ಲಿ ಇದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದಾರೆ. ಅಲ್ಲಿ ಮೆಡಿಸಿನ್ ಕಲಿಯುವವರು ಮೂರು ವರ್ಷವೂ ಒಂದೇ ಕ್ಲಿನಿಕ್‌ನಲ್ಲಿ ತಮ್ಮದೇ ರೋಗಿಗಳನ್ನು ನೋಡುತ್ತಾರೆ. ಕಲಿಕೆ ಮುಗಿಸಿ ಜೂನ್ ಕೊನೆಗೆ ಹೊರಡುವಾಗ ಅಷ್ಟೂ ಜನ ಇನ್ನೊಬ್ಬರ ಕೈಗೆ ಹೋಗುತ್ತಾರೆ. ಅಲ್ಲೂ ತೊಂದರೆ ಆಗುವುದು ಆ ಕೈ ಬದಲಾಗುವ ಹೊತ್ತಿನಲ್ಲೇ. ಯಾರು ಹೆಚ್ಚು ಅಪಾಯದಲ್ಲಿದ್ದಾರೆ, ಯಾವ ಟೆಸ್ಟ್ ಬಾಕಿ ಇದೆ ಅನ್ನೋದನ್ನು ಬರೆದು ಒಪ್ಪಿಸಬೇಕು ಅಂತ ಅಲ್ಲಿ ಒತ್ತಿ ಹೇಳುವುದು ಅದಕ್ಕೇ. ನಮ್ಮಲ್ಲಿ ಹೊರರೋಗಿಗಳನ್ನು ಹೀಗೆ ಬರೆದು ಒಪ್ಪಿಸುವ ಪದ್ಧತಿ ಕಡಿಮೆ. ಆದರೆ ನಮ್ಮಲ್ಲಿ ಬೇರೆ ಒಂದು ಅನುಕೂಲ ಇದೆ. ಅದನ್ನು ರೋಗಿಗಳಿಗೆ ಯಾರೂ ಹೇಳುವುದಿಲ್ಲ.

ಅದು ಯೂನಿಟ್. ಬೋಧನಾ ಆಸ್ಪತ್ರೆಯ ಮೆಡಿಸಿನ್ ವಿಭಾಗ ಯೂನಿಟ್‌ಗಳಾಗಿ ಹಂಚಿಕೆ ಆಗಿರುತ್ತದೆ. ಪ್ರತಿ ಯೂನಿಟ್‌ಗೆ ಒಬ್ಬರು ಚೀಫ್, ಅವರ ಕೆಳಗೆ ಅಸಿಸ್ಟೆಂಟ್ ಪ್ರೊಫೆಸರ್, ಆಮೇಲೆ ಪಿಜಿ, ಹೌಸ್ ಸರ್ಜನ್. ಪ್ರತಿ ಯೂನಿಟ್‌ಗೂ ವಾರದಲ್ಲಿ ಇಂಥದ್ದೇ ಒಪಿಡಿ ದಿನ ಅಂತ ಇರುತ್ತದೆ. ಕೆಳಗಿನವರು ಬದಲಾಗುತ್ತಾರೆ, ಮೇಲಿನವರು ಸಾಮಾನ್ಯವಾಗಿ ಅಲ್ಲೇ ಇರುತ್ತಾರೆ. ನೀವು ಒಂದು ತಿಂಗಳು ಸೋಮವಾರ, ಇನ್ನೊಂದು ತಿಂಗಳು ಬಸ್ ಸಿಕ್ಕಿದ ದಿನ ಅಂತ ಹೋದರೆ ಹೌಸ್ ಸರ್ಜನ್ ಜೊತೆ ಯೂನಿಟ್ಟೂ ಬದಲಾಗುತ್ತದೆ. ಆಗ ಮಾವನನ್ನು ಗುರುತು ಹಿಡಿಯುವವರು ಒಬ್ಬರೂ ಇರಲ್ಲ. ಹಳೇ ಚೀಟಿಯ ಮೇಲೆ ಯೂನಿಟ್ ನಂಬರೋ ಚೀಫ್ ಹೆಸರೋ ಇರುತ್ತದೆ. ಇಲ್ಲದಿದ್ದರೆ ಒಪಿಡಿ ಸಿಸ್ಟರ್‌ನ ಕೇಳಿ. ಇನ್ನು ಮೇಲೆ ಆ ಯೂನಿಟ್‌ನ ದಿನವೇ ಹೋಗಿ. ಆ ದಿನ ಸಂತೆಯೋ ಮದುವೆಯೋ ಬಂದರೆ ಮುಂದಿನ ವಾರದ ಅದೇ ದಿನ ಹೋಗಿ. ಪಿಜಿ ಡಾಕ್ಟರ ಹೆಸರು ಬರೆದಿಟ್ಟುಕೊಂಡು ಮುಂದಿನ ಸಲ ಅವರನ್ನೇ ಕೇಳಿ. ಸಿಕ್ಕರೆ ಒಳ್ಳೆಯದು. ಸಿಗದಿದ್ದರೂ ಯೂನಿಟ್ ಅದೇ.

ಇನ್ನೊಂದು ಮಾತು. ಹೌಸ್ ಸರ್ಜನ್‌ಗೆ ಇರುವುದು ತಾತ್ಕಾಲಿಕ ನೋಂದಣಿ. ಅವರು ಹಿರಿಯರ ಮೇಲ್ವಿಚಾರಣೆಯಲ್ಲೇ ಕೆಲಸ ಮಾಡಬೇಕು. ಆದ್ದರಿಂದ ಇನ್ಸುಲಿನ್ ಶುರು ಮಾಡುವುದು, ಲೋ ಶುಗರ್ ಮಾಡಬಲ್ಲ ಮಾತ್ರೆ ಏರಿಸುವುದು, ಇಂಥದ್ದು ಬಂದಾಗ ‘ಚೀಫ್ ಒಮ್ಮೆ ನೋಡಲಿ ಡಾಕ್ಟ್ರೇ’ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಹಾಗೆ ಕೇಳಿದ ರೋಗಿಯ ಮೇಲೆ ಸಿಟ್ಟಾಗುವ ಹೌಸ್ ಸರ್ಜನ್ ಕಡಿಮೆ. ನಿಜ ಹೇಳಬೇಕೆಂದರೆ ಅವರಿಗೂ ಸಮಾಧಾನ ಆಗುತ್ತದೆ.

ಇನ್ನು, ಮಾವನ ಚಿಕಿತ್ಸೆಯ ವಿವರ ಬರೆದಿಡಲು ಒಂದು ಪುಸ್ತಕ ಬೇಕು. ಒಂದು ದಪ್ಪ ರಟ್ಟಿನ ನೋಟ್‌ಬುಕ್ ತನ್ನಿ. ಆಸ್ಪತ್ರೆಯಲ್ಲಿ ಡಯಾಬಿಟಿಸ್ ಪುಸ್ತಕ ಕೊಟ್ಟಿದ್ದರೆ ಅದೇ ಆಗಬಹುದು, ಆದರೆ ಅದರಲ್ಲಿ ಸಾಮಾನ್ಯವಾಗಿ ಜಾಗ ಸಾಲುವುದಿಲ್ಲ. ನಡೆಯುತ್ತಿರುವ ಮಾತ್ರೆಗಳ ಪಟ್ಟಿ ಎಲ್ಲರೂ ಬರೆಯುತ್ತಾರೆ. ನನಗೆ ಅದಕ್ಕಿಂತ ಬೇಕಾದದ್ದು ಬಿಟ್ಟ ಮಾತ್ರೆಗಳ ಪುಟ. ಯಾವ ಮಾತ್ರೆ, ಯಾವಾಗ ಬಿಟ್ಟದ್ದು, ಯಾಕೆ. ‘ಗ್ಲಿಮೆಪಿರೈಡ್ 2: ಸಂಜೆ ನಡುಕ, ಮೀಟರ್‌ನಲ್ಲಿ 62, ಅದಕ್ಕೆ 1ಕ್ಕೆ ಇಳಿಸಿದ್ದು.’ ಇಷ್ಟು ಒಂದು ಸಾಲು ಇದ್ದಿದ್ದರೆ ಎರಡನೆಯ ಡಾಕ್ಟರು ಏರಿಸುವ ಮೊದಲು ಖಂಡಿತ ಯೋಚಿಸುತ್ತಿದ್ದರು. ‘ಮೆಟ್‌ಫಾರ್ಮಿನ್: ಭೇದಿ ಆಯಿತು ಅಂತ ಬಿಟ್ಟದ್ದು.’ ಇದೂ ಹಾಗೆಯೇ. ಇಲ್ಲದಿದ್ದರೆ ವರ್ಷಕ್ಕೆ ಎರಡು ಸಲ ಯಾರೋ ಒಬ್ಬರು ಅದನ್ನೇ ಹೊಸದಾಗಿ ಬರೆದುಕೊಡುತ್ತಾರೆ, ಮಾವ ಅದನ್ನೇ ಮತ್ತೆ ಬಿಡುತ್ತಾರೆ.

ಚೀಟಿ ಕೈಗೆ ಕೊಡುವಾಗ ಡಾಕ್ಟರನ್ನು ಎರಡೇ ಮಾತು ಕೇಳಿ: ಏನು ಬದಲಾಯಿಸಿದಿರಿ, ಯಾಕೆ? ಮುಂದಿನ ಸಲ ಬಂದಾಗ ಶುಗರ್ ಹೀಗೇ ಇದ್ದರೆ ಏನು ಮಾಡಬೇಕು ಅಂತ ಇದ್ದೀರಿ? ಎರಡನೆಯ ಪ್ರಶ್ನೆಗೆ ಉತ್ತರ ಬರೆಸಿಕೊಳ್ಳುವುದು ಬಹಳ ಮುಖ್ಯ. ‘ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ ಟೆಸ್ಟ್) 8ಕ್ಕಿಂತ ಮೇಲಿದ್ದರೆ ಇಂಥ ಮಾತ್ರೆ ಸೇರಿಸುವುದು’ ಅಂತ ಒಂದು ಸಾಲು ಇದ್ದರೆ, ಮುಂದಿನ ಡಾಕ್ಟರು ಯಾರೇ ಇರಲಿ, ಮೊದಲಿಂದ ಶುರು ಮಾಡುವುದಿಲ್ಲ. ಆ ಸಾಲು ಇಲ್ಲದಿದ್ದರೆ ಎರಡರಲ್ಲಿ ಒಂದು ಆಗುತ್ತದೆ. ಒಂದೋ ಇಳಿಸುವುದು ಏರಿಸುವುದು ನಡೆಯುತ್ತಲೇ ಇರುತ್ತದೆ. ಇಲ್ಲವೇ ‘ಹಳೇದೇ ಮುಂದುವರಿಸಿ, ಮುಂದಿನ ಸಲ ನೋಡೋಣ’ ಅಂತ ವರ್ಷಗಟ್ಟಲೆ ಶುಗರ್ 250ರಲ್ಲೇ ಇರುತ್ತದೆ. ಜಾಸ್ತಿ ಹಾನಿ ಮಾಡುವುದು ಈ ಎರಡನೆಯದು. ಅದರಲ್ಲಿ ಬೆವರು, ನಡುಕ ಏನೂ ಇಲ್ಲ, ಯಾರೂ ಪತ್ರ ಬರೆಯುವುದೂ ಇಲ್ಲ.

ಮಾತ್ರೆಯ ಬ್ರ್ಯಾಂಡ್ ಹೆಸರಿನ ಪಕ್ಕದಲ್ಲಿ ಒಳಗಿರುವ ಔಷಧದ ಹೆಸರನ್ನೂ ಬರೆಯಿರಿ. ಆಸ್ಪತ್ರೆ ಔಷಧಾಲಯದಲ್ಲಿ ಒಂದು ಹೆಸರು, ಮೆಡಿಕಲ್ ಶಾಪ್‌ನಲ್ಲಿ ಇನ್ನೊಂದು. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿದ ಒಂದೇ ಮಾತ್ರೆ ಬೇರೆ ಬರುತ್ತದೆ. ಡಾಕ್ಟರು ಬದಲಾದಾಗ ಹಳೇ ಗ್ಲಿಮೆಪಿರೈಡ್ ಡಬ್ಬಿಯಲ್ಲಿ ಉಳಿದು, ಹೊಸ ಜೋಡಿ ಮಾತ್ರೆಯೂ ಸೇರಿ, ಎರಡನ್ನೂ ನುಂಗುವವರು ಬೇಕಾದಷ್ಟು ಜನ. ನಿಮ್ಮ ಮಾವನ ವಿಷಯದಲ್ಲೂ ಇದನ್ನು ಇವತ್ತೇ ನೋಡಿ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನು ಒಂದು ಚೀಲಕ್ಕೆ ಹಾಕಿ, ಹೋಗುವಾಗ ಚೀಲವನ್ನೇ ಡಾಕ್ಟರ ಮೇಜಿನ ಮೇಲೆ ಸುರಿಯಿರಿ.

ಆಮೇಲೆ ಆ 190. ನನಗೆ ಆ ಸಂಖ್ಯೆಯ ಮೇಲೆ ಅಷ್ಟು ನಂಬಿಕೆ ಇಲ್ಲ. ಮೀಟರ್ ಸುಳ್ಳು ಹೇಳಿತು ಅಂತಲ್ಲ, ಆಸ್ಪತ್ರೆಗೆ ಹೋಗುವ ದಿನ ಮಾಮೂಲಿ ದಿನ ಅಲ್ಲ. ಬೆಳಗ್ಗೆ ಕತ್ತಲಲ್ಲೇ ಎದ್ದು, ಬಸ್ ಹಿಡಿದು, ಚೀಟಿ ಮಾಡಿಸಿ, ಲ್ಯಾಬ್ ಮುಂದೆ ನಿಂತು ರಕ್ತ ಕೊಡುವಾಗ ಹತ್ತು ಗಂಟೆ ದಾಟಿರುತ್ತದೆ. ‘ರಕ್ತ ಕೊಡೋ ತನಕ ಮಾತ್ರೆ ಬೇಡ’ ಅಂತ ಬೆಳಗಿನ ಮಾತ್ರೆ ಬಿಟ್ಟಿರುತ್ತಾರೆ. ದಾರಿಯಲ್ಲಿ ಒಂದು ಕಾಫಿ ಕುಡಿದಿರುತ್ತಾರೆ, ಅದನ್ನು ಯಾರಿಗೂ ಹೇಳುವುದಿಲ್ಲ. ಹಿಂದಿನ ರಾತ್ರಿ ಮದುವೆ ಊಟ ಆಗಿದ್ದರಂತೂ ಮುಗಿಯಿತು. ಆ ಒಂದು ಸಂಖ್ಯೆ ನೋಡಿ, ಲೋ ಶುಗರ್ ಮಾಡಬಲ್ಲ ಮಾತ್ರೆಯನ್ನು ಏರಿಸುವುದು ಅಪಾಯ. ಇದರ ಉಲ್ಟಾ ಕೂಡ ಆಗುತ್ತದೆ. ಗ್ಲಿಮೆಪಿರೈಡ್ ನುಂಗಿ, ತಿಂಡಿ ತಿನ್ನದೆ ಕ್ಯೂನಲ್ಲಿ ನಿಂತು ಅಲ್ಲೇ ಕುಸಿದವರನ್ನು ನಾನು ನೋಡಿದ್ದೇನೆ. ರಕ್ತ ಕೊಟ್ಟ ಕೂಡಲೇ ಮಾತ್ರೆ ಮತ್ತು ತಿಂಡಿ ಆಗಲಿ. ಕಡಂಬುಟ್ಟೋ ಅಕ್ಕಿ ರೊಟ್ಟಿಯೋ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿ, ಕ್ಯಾಂಟೀನ್ ಹುಡುಕಿಕೊಂಡು ತಿರುಗಬೇಡಿ.

ಡಾಕ್ಟರ ಮುಂದೆ ಇಡಬೇಕಾದದ್ದು ಮನೆಯ ಸಂಖ್ಯೆಗಳು. ಹೋಗುವ ಹಿಂದಿನ ವಾರ ಮೂರು ದಿನ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಊಟ ಶುರು ಮಾಡಿ ಎರಡು ಗಂಟೆಗೆ ಒಮ್ಮೆ ನೋಡಿ ಬರೆಯಿರಿ. ರಾತ್ರಿ ಲೋ ಆದದ್ದರಿಂದ ಮಲಗುವ ಮೊದಲೂ ನೋಡಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಹಾಕಿರಬೇಕು. ನಮ್ಮ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಕೆಟ್ಟು ತಪ್ಪು ಸಂಖ್ಯೆ ತೋರಿಸುತ್ತದೆ. ಸಾಮಾನ್ಯವಾಗಿ ಖಾಲಿ ಹೊಟ್ಟೆ 80ರಿಂದ 130, ಊಟದ ನಂತರ 180ರ ಒಳಗೆ ಇದ್ದರೆ ಚೆನ್ನ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಅನೇಕರಿಗೆ 7ರ ಒಳಗೆ ಇರಲಿ ಅಂತ ಹೇಳುತ್ತೇವೆ. ಆದರೆ ವಯಸ್ಸಾದ, ಲೋ ಶುಗರ್ ಆಗಿರುವ, ಬೇರೆ ಕಾಯಿಲೆಯೂ ಇರುವವರಿಗೆ 8ರ ಹತ್ತಿರ ಇದ್ದರೂ ನಾನು ಗಲಾಟೆ ಮಾಡುವುದಿಲ್ಲ. ನಿಮ್ಮ ಮಾವನ ಗುರಿ ಎಷ್ಟು ಅಂತ ಚೀಫ್ ಹತ್ತಿರ ಒಮ್ಮೆ ಕೇಳಿ ಪುಸ್ತಕದ ಮೊದಲ ಪುಟದಲ್ಲೇ ಬರೆಸಿ. ರಕ್ತಹೀನತೆ ಅಥವಾ ಸಿಕಲ್ ಸೆಲ್ ಇದ್ದವರಲ್ಲಿ ಈ ಎಚ್‌ಬಿಎ1ಸಿ ದಾರಿ ತಪ್ಪಿಸುತ್ತದೆ, ಅಂಥವರು ಅದನ್ನು ಮೊದಲೇ ಹೇಳಬೇಕು.

ಲೋ ಶುಗರ್‌ಗೆ ಕಾರಣ ಮಾತ್ರೆ ಏರಿಸಿದ್ದು ಮಾತ್ರವೇ ಅಂತ ನನಗೆ ಗ್ಯಾರಂಟಿ ಇಲ್ಲ. 12 ವರ್ಷದ ಸಕ್ಕರೆ ಕಾಯಿಲೆಯಲ್ಲಿ, ಇಷ್ಟು ದಿನ ಒಗ್ಗಿದ ಡೋಸೇ ಒಗ್ಗದೆ ಹೋದರೆ ಮೊದಲು ನೋಡಬೇಕಾದದ್ದು ಕಿಡ್ನಿ. ಕಿಡ್ನಿ ದುರ್ಬಲವಾದರೆ ಗ್ಲಿಮೆಪಿರೈಡ್‌ನ ಪ್ರಭಾವ ಜಾಸ್ತಿ ಹೊತ್ತು ಉಳಿಯಬಹುದು. ಕ್ರಿಯಾಟಿನಿನ್ ಟೆಸ್ಟ್ ಕೊನೆಗೆ ಯಾವಾಗ ಆಯಿತು ಅಂತ ಹುಡುಕಿ. ಕಿಡ್ನಿ ಎಷ್ಟು ಚೆನ್ನಾಗಿ ರಕ್ತ ಸೋಸುತ್ತದೆ ಅಂತ ತೋರಿಸುವ ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಮೆಟ್‌ಫಾರ್ಮಿನ್ ಕೂಡ ನಿಲ್ಲಿಸಬೇಕಾಗುತ್ತದೆ. ಇನ್ನೊಂದು ವಿಷಯ ಸ್ವಲ್ಪ ಮೆಲ್ಲಗೆ ಕೇಳಿ. ಸಂಜೆ ಒಂದೆರಡು ಪೆಗ್ ಹಾಕಿ, ಊಟ ತಡ ಮಾಡುವ ಅಭ್ಯಾಸ ಉಂಟಾ? ಹೊಟ್ಟೆಗಿಲ್ಲದೆ ಕುಡಿದರೆ ಈ ಮಾತ್ರೆ ಇರುವವರ ಶುಗರ್ ರಾತ್ರಿ ಧಡಕ್ಕನೆ ಇಳಿಯುತ್ತದೆ. ಹೊಸ ಮುಖದ ಡಾಕ್ಟರ ಮುಂದೆ, ಅದರಲ್ಲೂ ಮೊಮ್ಮಗಳ ವಯಸ್ಸಿನ ಹುಡುಗಿಯ ಮುಂದೆ, ಯಾವ ಮಾವನೂ ಇದನ್ನು ಬಾಯಿ ಬಿಡುವುದಿಲ್ಲ. ಪರಿಚಯದ ಡಾಕ್ಟರು ಇರಬೇಕು ಅನ್ನೋದು ಇಂಥ ಕಡೆ ಗೊತ್ತಾಗುತ್ತದೆ.

ಭಾಷೆಯೂ ಒಂದು ತೊಡಕು. ಕಲಿಯುವವರಲ್ಲಿ ಹೊರ ರಾಜ್ಯದವರು ಇರುತ್ತಾರೆ. ಮಾವ ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಹೇಳಿದ್ದು ಅವರ ಕಿವಿಗೆ ಬರೀ ‘ಸುಸ್ತು’ ಆಗಿ, ಒಂದು ವಿಟಮಿನ್ ಮಾತ್ರೆಯಾಗಿ ವಾಪಸ್ ಬರುತ್ತದೆ. ಆದ್ದರಿಂದ ಎಷ್ಟು ಗಂಟೆಗೆ ಆಯಿತು, ಹಿಂದಿನ ಊಟ ಯಾವಾಗ, ಮೀಟರ್ ಎಷ್ಟು ತೋರಿಸಿತು, ಸಕ್ಕರೆ ಕೊಟ್ಟು ಎಷ್ಟು ಹೊತ್ತಿಗೆ ಸರಿಯಾಯಿತು, ಇದನ್ನು ನೀವೇ ಬರೆದುಕೊಂಡು ಹೋಗಿ ತೋರಿಸಿ.

ಡಾಕ್ಟರು ಬದಲಾಗುವ ಕಡೆ ಬಿಟ್ಟುಹೋಗುವ ಪರೀಕ್ಷೆಗಳು ಹೆಚ್ಚು ಕಡಿಮೆ ಒಂದೇ ತರ: ಕಾಲು, ಕಣ್ಣು, ಮೂತ್ರ. ‘ಹಿಂದಿನವರು ನೋಡಿರ್ತಾರೆ’ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆ ನೋಡಬೇಕು. ವರ್ಷಕ್ಕೊಮ್ಮೆ ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ಮತ್ತು ಕೊಬ್ಬು. ಎಚ್‌ಬಿಎ1ಸಿ ಶುಗರ್ ಹತೋಟಿಯಲ್ಲಿದ್ದರೆ ವರ್ಷಕ್ಕೆ ಎರಡು ಸಲ, ಇಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ. ಕಾಲನ್ನು ವರ್ಷಕ್ಕೊಮ್ಮೆ ನೈಲಾನ್ ದಾರದಂಥ ಕಡ್ಡಿ ಮುಟ್ಟಿಸಿ ಪರೀಕ್ಷೆ ಮಾಡಬೇಕು, ಸ್ಪರ್ಶ ಕಮ್ಮಿ ಆಗಿದ್ದರೆ ಇನ್ನೂ ಬೇಗ ಬೇಗ. ಪುಸ್ತಕದಲ್ಲಿ ಇವುಗಳಿಗೆ ಒಂದು ಪುಟ ಇಟ್ಟು ತಾರೀಖು ಬರೆಯಿರಿ. ಖಾಲಿ ಜಾಗ ಕಂಡರೆ ಹೊಸ ಡಾಕ್ಟರು ಅದನ್ನು ತುಂಬುತ್ತಾರೆ, ಇದು ನಾನು ಕಂಡ ಸತ್ಯ.

ಕೊಡಗಿನ ಕಾಲಿಗೆ ಇನ್ನೂ ಸ್ವಲ್ಪ ಜಾಸ್ತಿ ಕಣ್ಣು ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಗಮ್‌ಬೂಟಿನೊಳಗೆ ಒದ್ದೆ ಕಾಲು, ಬೆರಳ ಸಂದಿಯಲ್ಲಿ ಬಿರುಕು, ಜಿಗಣೆ ಕಚ್ಚಿದ ಗಾಯ. ಸ್ಪರ್ಶ ಕಮ್ಮಿ ಆದವರಿಗೆ ಇದ್ಯಾವುದೂ ಗೊತ್ತೇ ಆಗಲ್ಲ. ಚಳಿಗೆ ಒಲೆ ಮುಂದೆ ಕಾಲು ಚಾಚಿ ಕೂತು ಸುಟ್ಟುಕೊಂಡವರೂ ಇದ್ದಾರೆ. ಮಾವ ರಿಟೈರ್ ಆದರೂ ತೋಟಕ್ಕೆ ಒಂದು ಸುತ್ತು ಹೋಗದೆ ಇರಲ್ಲ, ಅಲ್ವಾ? ಬಂದ ಮೇಲೆ ಕಾಲು ತೊಳೆದು, ಬೆರಳ ಸಂದಿ ಒರೆಸಿ, ಅಡಿಭಾಗವನ್ನು ಯಾರಾದರೂ ನೋಡಲಿ. ಗಾಯ ಇದ್ದರೆ ಸುಣ್ಣ ಹಚ್ಚಿ ಕಾಯುವುದು ಬೇಡ.

ಒಬ್ಬರೇ ಡಾಕ್ಟರು ನೋಡಿದರೆ ನಿಜವಾಗಲೂ ವ್ಯತ್ಯಾಸ ಆಗುತ್ತದಾ? ಆಗುತ್ತದೆ ಅಂತಲೇ ಅಧ್ಯಯನಗಳು ಹೇಳುತ್ತವೆ. 2018ರಲ್ಲಿ ಬ್ರಿಟನ್ನಿನ ಸಂಶೋಧಕರು ಬೇರೆ ಬೇರೆ ದೇಶಗಳ 22 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅದರಲ್ಲಿ 18ರಲ್ಲಿ, ಅದೇ ಡಾಕ್ಟರನ್ನು ಮತ್ತೆ ಮತ್ತೆ ಕಂಡವರಲ್ಲಿ ಸಾವು ಕಡಿಮೆ ಇತ್ತು. ನಾರ್ವೆಯ ಒಂದು ದೊಡ್ಡ ಅಧ್ಯಯನದಲ್ಲಿ, 15 ವರ್ಷಕ್ಕಿಂತ ಹೆಚ್ಚು ಕಾಲ ಒಂದೇ ಕುಟುಂಬ ವೈದ್ಯರ ಹತ್ತಿರ ಇದ್ದವರಲ್ಲಿ, ಒಂದೇ ವರ್ಷದ ಪರಿಚಯ ಇದ್ದವರಿಗಿಂತ ಸಾವಿನ ಸಂಭವ ಸುಮಾರು ಶೇಕಡಾ 25 ಕಡಿಮೆ ಕಂಡಿತು. ಆದರೆ ಇವನ್ನು ಸ್ವಲ್ಪ ಹುಷಾರಾಗಿ ಓದಬೇಕು. ಮೊದಲೇ ಆರೋಗ್ಯ ಚೆನ್ನಾಗಿರುವವರು, ಊರು ಬಿಡದವರು ಒಂದೇ ಡಾಕ್ಟರ ಹತ್ತಿರ ಉಳಿದಿರಬಹುದು. ನಮ್ಮ ಬೋಧನಾ ಆಸ್ಪತ್ರೆಯ ಒಪಿಡಿಗೆ ಆ ಸಂಖ್ಯೆಗಳನ್ನು ಹಾಗೇ ಅಂಟಿಸಲು ಬರುವುದಿಲ್ಲ.

ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಕೆನಡಾದ ಜೀನಿ ಹ್ಯಾಗರ್ಟಿ ಮತ್ತು ಸಂಗಡಿಗರು 2003ರಲ್ಲಿ ಹೇಳಿದ ಮಾತು. ಚಿಕಿತ್ಸೆ ಕಡಿಯದೆ ಸಾಗುವುದು ಅಂದರೆ ಮೂರು ಬೇರೆ ಬೇರೆ ವಿಷಯ ಅಂತ ಅವರು ಬಿಡಿಸಿ ತೋರಿಸಿದರು. ಪರಿಚಯ ಒಂದು, ಮಾಹಿತಿ ಒಂದು, ಮುಂದಿನ ಯೋಜನೆ ಒಂದು. ಕಲಿಯುವ ಡಾಕ್ಟರಲ್ಲಿ ಪರಿಚಯ ಉಳಿಯುವುದು ಕಷ್ಟ. ಉಳಿದ ಎರಡನ್ನು ಪುಸ್ತಕ ಮತ್ತು ಯೂನಿಟ್ ಸೇರಿ ಉಳಿಸಬಹುದು.

ಹೊಸ ಕಣ್ಣಿನಿಂದ ಲಾಭವೂ ಇದೆ. ಮಾವನಿಗೆ ಇದನ್ನು ಹೇಳಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ವಿಟಮಿನ್ ಕಡಿಮೆಯಾಗಿ ಪಾದ ಉರಿಯಬಹುದು. ಹಳೇ ಡಾಕ್ಟರು ‘ಶುಗರ್‌ದೇ ಉರಿ’ ಅಂತ ಸುಮ್ನೆ ಇದ್ದದ್ದನ್ನು, ನಿನ್ನೆ ಮೊನ್ನೆ ಪುಸ್ತಕ ಓದಿ ಬಂದ ಹುಡುಗಿ ಹಿಡಿದುಬಿಡುತ್ತಾಳೆ. ಶೂ ಬಿಚ್ಚಿಸಿ ಕಾಲು ನೋಡುವ ತಾಳ್ಮೆ ನಮ್ಮಂಥ ಹಳಬರಿಗಿಂತ ಅವರಿಗೇ ಜಾಸ್ತಿ.

ಪ್ರೈವೇಟ್‌ಗೆ ಹೋಗಬೇಕಾ ಅಂದಿರಿ. ಊರಲ್ಲೇ ಬಹಳ ವರ್ಷದಿಂದ ಇರುವ, ಸಮಾಧಾನವಾಗಿ ಕೇಳುವ ಡಾಕ್ಟರು ಇದ್ದು, ಖರ್ಚು ತಡೆಯುತ್ತದೆ ಅಂದರೆ ಹೋಗಿ, ತಪ್ಪೇನಿಲ್ಲ. ಆದರೆ ಇಲ್ಲಿ ಒಂದು ತಿಂಗಳು, ಅಲ್ಲಿ ಒಂದು ತಿಂಗಳು ಅಂತ ಓಡಾಡಿದರೆ ಈಗಿನ ತೊಂದರೆ ಎರಡರಷ್ಟಾಗುತ್ತದೆ. ನಾನಾದರೆ ಹೀಗೆ ಮಾಡುತ್ತೇನೆ. ಮಾತ್ರೆ ಮತ್ತು ಡೋಸ್ ನಿರ್ಧಾರ ಬೋಧನಾ ಆಸ್ಪತ್ರೆಯ ಒಂದೇ ಯೂನಿಟ್‌ನದ್ದು, ಶುಗರ್ ಸ್ಥಿರವಾದ ಮೇಲೆ ಮೂರು ತಿಂಗಳಿಗೊಮ್ಮೆ. ನಡುವಿನ ತಿಂಗಳುಗಳಲ್ಲಿ ಬಿಪಿ, ಶುಗರ್ ನೋಡಿಸಿ ಮಾತ್ರೆ ತರುವುದು ಹತ್ತಿರದ ಸಮುದಾಯ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ. ಬಿಪಿ, ಶುಗರ್ ಕಾಯಿಲೆಗಳಿಗೆ ಅಂತಲೇ ಸರ್ಕಾರ ಇಟ್ಟಿರುವ ಕ್ಲಿನಿಕ್ ಅದು. ಅಲ್ಲಿ ಡಾಕ್ಟರು ವರ್ಗ ಆದರೂ ಸಿಸ್ಟರ್ ಹಲವು ವರ್ಷ ಅಲ್ಲೇ ಇರುವುದುಂಟು. ಅವರಿಗೂ ಅದೇ ಪುಸ್ತಕ ತೋರಿಸಿ. ಆದರೆ ಡೋಸ್ ಬದಲಾಯಿಸುವ ಕೈ ಒಂದೇ ಇರಲಿ. ಇನ್ನು ನಿಮ್ಮೂರಿನ ಆಶಾ ಕಾರ್ಯಕರ್ತೆ ಎಲ್ಲಿಗೂ ವರ್ಗ ಆಗುವವರಲ್ಲ. ಮಾವನಿಗೆ ರಾತ್ರಿ ಲೋ ಆಗಿತ್ತು ಅನ್ನೋದು ಅವರಿಗೆ ಗೊತ್ತಿರಲಿ.

ಲೈನ್ ಮನೆಯವರ, ಅಂದರೆ ತೋಟದ ಸಾಲು ಮನೆಗಳಲ್ಲಿರುವ ಕೆಲಸಗಾರರ ವಿಷಯ ಇಲ್ಲಿ ಹೇಳದೆ ಇರಲಾರೆ, ನಿಮ್ಮ ಮಾವ ರೈಟರ್ ಆಗಿದ್ದರಿಂದ ಅವರಿಗೂ ಗೊತ್ತಿರುತ್ತದೆ. ಕಾಫಿ ಕೊಯ್ಲಿನ ಸೀಸನ್‌ಗೆ ಒಂದು ತೋಟ, ಆಮೇಲೆ ಇನ್ನೊಂದು ಕಡೆ ಹೋಗುವ ಕೆಲಸಗಾರರಿಗೆ ಡಾಕ್ಟರು ಮಾತ್ರ ಅಲ್ಲ, ಆಸ್ಪತ್ರೆಯೇ ಬದಲಾಗುತ್ತದೆ. ಚೀಟಿ ಮಳೆಯಲ್ಲಿ ನೆನೆದು ಹೋಗಿರುತ್ತದೆ. ಅವರ ಚೀಟಿಗಳನ್ನು ಎಸ್ಟೇಟ್ ಆಫೀಸಿನಲ್ಲಿ ಯಾರಾದರೂ ಫೋನ್‌ನಲ್ಲಿ ಫೋಟೋ ತೆಗೆದು ಕೊಟ್ಟರೆ ಅದೇ ದೊಡ್ಡ ಉಪಕಾರ.

ನೀವೂ ಪುಸ್ತಕದ ಪ್ರತಿ ಪುಟದ ಫೋಟೋ ತೆಗೆದಿಡಿ. ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯಾದ ಆಭಾ ನಂಬರ್ ಮಾಡಿಸಿಕೊಂಡರೆ, ಆ ವ್ಯವಸ್ಥೆಗೆ ಸೇರಿದ ಆಸ್ಪತ್ರೆಗಳ ದಾಖಲೆ ಅದಕ್ಕೆ ಜೋಡಿಸಬಹುದು. ಆದರೂ ಕಾಗದ ಬಿಡಬೇಡಿ. ಮಾವ ಎಂದಾದರೂ ಅಡ್ಮಿಟ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ ಹುಡುಕಿ ಇಟ್ಟುಕೊಳ್ಳಿ. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ನಿಯಮದಲ್ಲೇ ಇದೆ. ಮಳೆಗಾಲಕ್ಕೆ ಕನಿಷ್ಠ ಎರಡು ವಾರದ ಮಾತ್ರೆ ಹೆಚ್ಚುವರಿ ಇರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಕಡಿದಾಗ ಏನಾಯಿತು ಅಂತ ಯಾರಿಗೂ ಹೇಳಬೇಕಾಗಿಲ್ಲ.

ಕೊನೆಗೆ ಇನ್ಸುಲಿನ್. ಮಾವನನ್ನು ನೋಡದೆ ಬೇಕು ಬೇಡ ಅಂತ ನಾನು ಹೇಳಲಾರೆ. 12 ವರ್ಷ ಆದವರಿಗೆ ಇನ್ಸುಲಿನ್ ಬೇಕಾಗುವುದು ಅಪರೂಪವೂ ಅಲ್ಲ, ಸೋಲೂ ಅಲ್ಲ. ಆದರೆ ಲೋ ಶುಗರ್ ಆದ ಮನುಷ್ಯನಿಗೆ ಇನ್ಸುಲಿನ್ ಶುರು ಮಾಡುವ ಮೊದಲು ಗ್ಲಿಮೆಪಿರೈಡ್ ಏನು ಮಾಡುತ್ತೀರಿ ಅಂತ ಕೇಳಲೇಬೇಕು. ತಾವಾಗಿಯೇ ಲೋ ಶುಗರ್ ಮಾಡುವುದು ಬಹಳ ಕಡಿಮೆ ಇರುವ ಮಾತ್ರೆಗಳೂ ಇವೆ, ವಿಲ್ಡಾಗ್ಲಿಪ್ಟಿನ್, ಸಿಟಾಗ್ಲಿಪ್ಟಿನ್, ಡಾಪಾಗ್ಲಿಫ್ಲೋಜಿನ್ ಅಂಥವು. ಪೇಟೆಂಟ್ ಮುಗಿದು ಅವುಗಳ ಬೆಲೆ ಈಗ ಬಹಳ ಇಳಿದಿದೆ. ಕಿಡ್ನಿ ಹೇಗಿದೆ ನೋಡಿಕೊಂಡು ಚೀಫ್ ನಿರ್ಧಾರ ಮಾಡಲಿ.

ಇನ್ಸುಲಿನ್ನೇ ಆದರೆ ಒಂದು ವಿಷಯ ಪುಸ್ತಕದಲ್ಲಿ ದೊಡ್ಡಕ್ಷರದಲ್ಲಿ ಬರೆಯಿರಿ: ಬಾಟಲಿ ಯಾವುದು, ಸಿರಿಂಜ್ ಯಾವುದು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿ ಒಂದು ಮಿಲಿಲೀಟರ್‌ಗೆ 40 ಯೂನಿಟ್‌ನದ್ದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್‌ಗೆ ಹಾಕುವ ಇನ್ಸುಲಿನ್ ಮತ್ತು ಕೆಲವು ಬಾಟಲಿಗಳು 100 ಯೂನಿಟ್‌ನವು. ಆ ಬಾಟಲಿಗೆ ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜ್. 100ರ ಬಾಟಲಿಯಿಂದ 40ರ ಸಿರಿಂಜ್‌ನಲ್ಲಿ ತೆಗೆದರೆ ಎರಡೂವರೆ ಪಟ್ಟು ಇನ್ಸುಲಿನ್ ಒಳಗೆ ಹೋಗುತ್ತದೆ. ಈ ಎಡವಟ್ಟು ಆಗುವುದು ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬದಲಾಯಿಸಿದಾಗ, ಒಂದು ಅಂಗಡಿಯಲ್ಲಿ ಬಾಟಲಿ, ಇನ್ನೊಂದರಲ್ಲಿ ಸಿರಿಂಜ್ ತಂದಾಗ. ಆದ್ದರಿಂದ ಆಸ್ಪತ್ರೆಗೆ ಹೋಗುವಾಗಲೆಲ್ಲ ಬಳಸುತ್ತಿರುವ ಬಾಟಲಿ, ಸಿರಿಂಜ್ ಎರಡನ್ನೂ ತೆಗೆದುಕೊಂಡು ಹೋಗಿ. ಮೊದಲ ಕೆಲವು ದಿನ ಹತ್ತಿರದ ಆರೋಗ್ಯ ಕೇಂದ್ರದ ಸಿಸ್ಟರ್ ಮುಂದೆಯೇ ಮಾವ ತಾವೇ ಚುಚ್ಚಿಕೊಳ್ಳಲಿ. ಫ್ರಿಜ್ ಇದ್ದರೆ ಬಾಗಿಲಿನ ಕಡೆ ಇಡಿ, ಫ್ರೀಜರ್‌ನಲ್ಲಿ ಬೇಡ. ಮಳೆಗೆ ಕರೆಂಟ್ ಹೋಯಿತು ಅಂತ ಗಾಬರಿ ಬೇಡ. ಬಳಸುತ್ತಿರುವ ಬಾಟಲಿ ನಮ್ಮ ಕೊಡಗಿನ ಚಳಿಯಲ್ಲಿ ಹೊರಗಿದ್ದರೂ ಸುಮಾರು ನಾಲ್ಕು ವಾರ ಕೆಡುವುದಿಲ್ಲ, ಒಲೆಯ ಹತ್ತಿರ ಮಾತ್ರ ಇಡಬೇಡಿ.